ರಾಣಿ ಮಲಗಲೊಲ್ಲಳು

ನಮ್ಮ ಮನೆಯಲ್ಲಿ ಕಟ್ಟಿಹಾಕದೆ ಉಳಿದಿರುವುದು ನಾನೊಬ್ಬಳೇ ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಪುಸ್ತಕದ ಕಪಾಟನ್ನು ಗೋಡೆಗೆ ತಿರುಪು ಹಾಕಿ ಬಿಗಿದಿದೆ. ಬಿಸಿನೀರಿನ ಹಂಡೆಗೆ, ಪುಂಡ ಹೋರಿಗೆ ಹಗ್ಗ ಸುತ್ತಿದಂತೆ, ಎರಡು ಕಬ್ಬಿಣದ ಪಟ್ಟಿಗಳಿವೆ. ಅಮೆರಿಕದ ಸಿಯಾಟಲ್ ಸುತ್ತಿನ ಈ ಊರುಗಳ ಅಡಿಯಲ್ಲಿ ನೆಲ ಬಿರುಕು ಬಿಟ್ಟುಕೊಂಡು ಮಲಗಿದೆ. ಅದು ಯಾವ ಘಳಿಗೆಯಲ್ಲಾದರೂ ಮಗ್ಗುಲು ಬದಲಿಸೀತೆಂದು ಓವರ್‌ಲೇಕ್‌ನ ನಾವೆಲ್ಲ ಸಾಮಾನುಗಳನ್ನು ಹೀಗೆ ಬಂಧನದಲ್ಲಿಟ್ಟು ಬಾಳುತ್ತೇವೆ.

ನಿಘಂಟುಕಾರರು ಭೂಮಿಗೆ ‘ಅಚಲಾ’, ‘ಸ್ಥಿರಾ’ ಎಂದೆಲ್ಲ ಹೆಸರಿಟ್ಟಿದ್ದಾರೆ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದಾಗ ನಾನು ಈ ಪದಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿ, ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಕಳೆದ ವರ್ಷ ನವರಾತ್ರಿಯ ನಾಲ್ಕನೆಯ ದಿನ ಮಧ್ಯಾಹ್ನ ಆ ಅಚಲೆಯು ಚಲಿಸಿದಾಗ ನಾನು ಊಟದ ಮೇಜಿನ ಕೆಳಗಿದ್ದೆ. ಬೆಂಚಿನ ಮೇಲೆ ನಿಂತಿದ್ದವರಲ್ಲಿ ಒಬ್ಬರೂ ಅದನ್ನು ನೋಡಲಿಲ್ಲವೆಂಬುದೇ ಸಮಾಧಾನ.

ಅಲುಗಾಟ ಕೆಲವೇ ಕ್ಷಣಗಳದು. ಬಾಗಿಲ ಮುಂದೆ ಭಾರದ ಲಾರಿಯೊಂದು ಹಾದುಹೋದಂತೆ. ಆದರೆ ಮೇಜಿನ ಕೆಳಗಿನಿಂದ ನನಗೆ ಕಾಣುತ್ತಿದ್ದುದು ದಸರೆಯ ಗೊಂಬೆಗಳ ಮೆಟ್ಟಿಲು. ದಿನಸಿ ಅಂಗಡಿಯ ಮಣ್ಣಿನ ಶೆಟ್ಟರು ಮೂರನೆಯ ಮೆಟ್ಟಿಲಿನಿಂದ ಬಿದ್ದು ಚೂರಾದರು. ಶೆಟ್ಟಿತಿ ಕದಲದೆ ಕುಳಿತೇ ಇದ್ದಳು. ಎಲ್ಲಕ್ಕಿಂತ ಮೇಲೆ ನಿಂತಿದ್ದ ಪಟ್ಟದ ರಾಣಿ ಕುಣಿಯುತ್ತಾ ಅಂಚಿನವರೆಗೆ ಬಂದು, ಅದೇನು ನೆನಪಾಯಿತೋ, ನಿಂತುಬಿಟ್ಟಳು. ನನ್ನ ಉಸಿರೂ ಅವಳೊಡನೆ ಅಲ್ಲಿಯೇ ನಿಂತಿತ್ತು.

ಆ ರಾಣಿಯ ವಿಷಯವನ್ನು ಹೇಳಲೇಬೇಕು. ರಕ್ತಚಂದನದ ರಾಜ-ರಾಣಿಯರ ಜೋಡಿ ನಮ್ಮ ಅಮ್ಮನಿಗೆ ಮದುವೆಯಲ್ಲಿ ತವರಿನವರು ಕೊಟ್ಟದ್ದು. ಪ್ರತಿ ವರ್ಷ ಅಮ್ಮ ಅವರಿಗೆ ಜರಿಯ ಅಂಚಿನ ಹೊಸ ಬಟ್ಟೆ ಉಡಿಸುತ್ತಿದ್ದಳು; ವಿಜಯದಶಮಿಯ ಸಂಜೆ ಆರತಿ ಎತ್ತಿ, ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿ, ಸದ್ದು ಮಾಡಬೇಡಿರೆಂದು ನಮ್ಮನ್ನೇ ಗದರಿಸುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಗೊಂಬೆಗಳನ್ನು ನನಗೂ ತಂಗಿ ಸುಧಾಳಿಗೂ ಹಂಚುವ ಕೆಲಸವನ್ನು ನಾನೇ ವಹಿಸಿಕೊಂಡೆ. ಗೆರೆ ಎಳೆದು, ಎರಡು ಅಂಕಣಗಳನ್ನು ಮಾಡಿ, ಒಂದೊಂದಾಗಿ ಬರೆದೆ. ಕೊನೆಯಲ್ಲಿ ಉಳಿದದ್ದು ಆ ಜೋಡಿ.

“ಅಕ್ಕಾ, ಜೋಡೀನ ಬೇರೆ ಮಾಡ್ತೀಯಾ?” ಎಂದು ಸುಧಾ ಕೇಳಿದ್ದಳು.

“ಸಮಪಾಲು ಅಂದ್ರೆ ಸಮಪಾಲು,” ಎಂದಿದ್ದೆ ನಾನು.

ಹೀಗೆ ರಾಜ ಮೈಸೂರಿನಲ್ಲಿ ಉಳಿದ. ರಾಣಿ ನನ್ನ ಕೈಚೀಲದಲ್ಲಿ ಕಡಲು ದಾಟಿದಳು. ನನ್ನ ಪಟ್ಟಿಯಲ್ಲಿ ದೋಷವಿರಲಿಲ್ಲ. ಆದರೆ ಪ್ರತಿ ನವರಾತ್ರಿಯಲ್ಲೂ ಮೇಲಿನ ಮೆಟ್ಟಿಲ ಎಡಬದಿಗೆ ಅವಳನ್ನು ಒಂಟಿಯಾಗಿ ನಿಲ್ಲಿಸಿ, ಬಲಬದಿಯನ್ನು ಖಾಲಿ ಬಿಡುವಾಗ ನನಗೆ ಅಮ್ಮನ ಮನೆಯ ಅಲುಗದ ಕೆಂಪು ಗಾರೆನೆಲ ನೆನಪಾಗುತ್ತದೆ. ಆ ಬದಿಯಲ್ಲಿ ಬೇರೆ ಯಾವ ಗೊಂಬೆಯನ್ನು ಇಟ್ಟರೂ ಕಣ್ಣಿಗೆ ಒಗ್ಗುವುದಿಲ್ಲ.

ಈ ವರ್ಷ ನಾನು ಮುಂಜಾಗ್ರತೆ ವಹಿಸಿದೆ. ಹೂದಾನಿಗಳು ಬೀಳದಂತೆ ಅಂಟಿಸುವ ಒಂದು ಬಗೆಯ ಮೇಣ ಇಲ್ಲಿ ಸಿಗುತ್ತದೆ. ಜೊತೆಗೆ ಬಂದ ಸೂಚನಾಪತ್ರವನ್ನು ಓದಿದ್ದೆ. ಅಂದರೆ ಅದರಲ್ಲಿದ್ದ ಎರಡು ಕಾಗುಣಿತದ ತಪ್ಪುಗಳಿಗೆ ಗೆರೆ ಎಳೆದು ಬದಿಗಿಟ್ಟಿದ್ದೆ. ನಿಂಬೆಹಣ್ಣಿನ ಗಾತ್ರದ ಮೇಣವನ್ನು ತಟ್ಟಿ, ರಾಣಿಯ ಪಾದಗಳನ್ನು ಅದರಲ್ಲಿ ಒತ್ತಿದೆ. ಒಂಬತ್ತು ದಿನವೂ ಭೂಮಿ ತಾಯಿ ಅಲುಗಲಿಲ್ಲ. ರಾಣಿಯೂ ಅಲುಗಲಿಲ್ಲ.

ವಿಜಯದಶಮಿಯ ಸಂಜೆ ಎಂದಿನಂತೆ ಸುಧಾಳಿಗೆ ವಿಡಿಯೊ ಕರೆ ಮಾಡಿದೆ. ನಮ್ಮ ಸಂಜೆ ಅವರಿಗೆ ಮರುದಿನದ ಬೆಳಗು. ಹಿಂದಿನ ಸಂಜೆಯೇ ಮಲಗಿಸಿದ ರಾಜನನ್ನು, ನಾನು ಇಲ್ಲಿ ರಾಣಿಯನ್ನು ಮಲಗಿಸುವವರೆಗೆ ಅವಳು ಎಬ್ಬಿಸುವುದಿಲ್ಲ. ಇದು ಅವಳೇ ಮಾಡಿಕೊಂಡ ನಿಯಮ. ಆರತಿ ಮುಗಿಸಿ ರಾಣಿಯನ್ನು ಎತ್ತಿದೆ. ಬರಲಿಲ್ಲ. ಎಳೆದೆ. ಎಡಗಾಲಿನಲ್ಲಿ, ಅಮ್ಮ ಎಂದೋ ಅರಗು ತುಂಬಿದ್ದ ಸೀಳು ಚಿಟ್ ಎಂದಿತು. ಥಟ್ಟನೆ ಕೈ ತೆಗೆದೆ.

“ರಾಜ ರಾತ್ರಿಯೆಲ್ಲಾ ಒಬ್ನೇ ಮಲಗಿದ್ದಾನೆ ಅಕ್ಕಾ, ಇಲ್ಲಿ ಕಾಫಿ ಹೊತ್ತಾಯ್ತು. ನಿನ್ನ ರಾಣಿ ಇನ್ನೂ ನಿಂತೇ ಇದಾಳಾ?”

“ಅಂಟ್ಕೊಂಬಿಟ್ಟಿದಾಳೆ ಕಣೆ. ಎಳೆದ್ರೆ ಕಾಲು ಮುರಿಯತ್ತೆ.”

“ಎಲ್ಲಾ ಸಾಮಾನಿನ ಚೀಟೀನೂ ಓದೋಳು ನೀನು. ಇದರದ್ದು ಓದಲಿಲ್ವಾ?”

ಹದಿನೈದರ ನನ್ನ ಮಗಳು ಅಷ್ಟರಲ್ಲಿ ಚೀಟಿಯನ್ನು ಹುಡುಕಿ ತಂದಿದ್ದಳು. “ಅಮ್ಮಾ, ಇಟ್ ಸೇಸ್ ಡೋಂಟ್ ಪುಲ್. ಜಸ್ಟ್ ಟ್ವಿಸ್ಟ್. ಆ್ಯಂಡ್ ಯೂಸ್ ಎ ಪೀ-ಸೈಜ್ ಬಾಲ್!” ಬಟಾಣಿಕಾಳಿನಷ್ಟು! ನಾನು ಗೆರೆ ಎಳೆದ ತಪ್ಪುಪದಗಳ ಕೆಳಗಿನ ಸಾಲಿನಲ್ಲೇ ಅದು ಅಚ್ಚಾಗಿತ್ತು.

ಎಳೆಯುವುದನ್ನು ಬಿಟ್ಟು, ಮಗುವಿನ ತಲೆಯನ್ನು ನಮ್ಮ ಕಡೆಗೆ ಹೊರಳಿಸುವಷ್ಟು ಮೆತ್ತಗೆ ತಿರುಗಿಸಿದೆ. ರಾಣಿ ನಿಟ್ಟುಸಿರಿಟ್ಟಂತೆ ಬಿಟ್ಟುಕೊಂಡಳು. ಕಾಲು ಉಳಿದಿತ್ತು. ಅವಳನ್ನು ಮಲಗಿಸಿದೆ, ಪರದೆಯಲ್ಲಿ ಸುಧಾ ರಾಜನನ್ನು ಎಬ್ಬಿಸಿ ನಿಲ್ಲಿಸಿದಳು. ಅವನು ಏಳುವ ಹೊತ್ತಿಗೆ ಇವಳಿಗೆ ನಿದ್ದೆ. ಇಷ್ಟು ವರ್ಷ ನೋಡಿದ್ದೇ ಆದರೂ ಆ ಸಂಜೆ ನನಗೆ ನೋಡಲಾಗಲಿಲ್ಲ.

“ಸುಧಾ, ಆವತ್ತು ನಾನು ಪಾಲು ಮಾಡಿದ್ದು ತಪ್ಪಾಯ್ತು ಕಣೆ. ಮುಂದಿನ ದಸರಾಕ್ಕೆ ಇವಳನ್ನ ಕರ್ಕೊಂಡ್ ಬರ್ತೀನಿ. ಅಲ್ಲೇ ಇರ್ಲಿ, ಅವನ ಪಕ್ಕದಲ್ಲಿ.”

ಸುಧಾ ಸೆರಗಿನಿಂದ ಮೂಗು ಒರೆಸಿಕೊಂಡು, “ಬಾ ಅಕ್ಕಾ. ಆದ್ರೆ ಆ ಮೇಣ ಮಾತ್ರ ತರಬೇಡ,” ಎಂದಳು.

ಉಳಿದ ಗೊಂಬೆಗಳು ಪೆಟ್ಟಿಗೆ ಸೇರಿವೆ. ಮೆಟ್ಟಿಲುಗಳನ್ನು ಇನ್ನೂ ಬಿಚ್ಚಿಲ್ಲ. ಮೇಲಿನದರ ಮೇಲೆ, ಮೇಣದಲ್ಲಿ, ಎರಡು ಪುಟ್ಟ ಪಾದಗಳ ಗುರುತು ಹಾಗೆಯೇ ಇದೆ. ಉಳಿದ ಮೇಣವನ್ನು ಒಣಬಟ್ಟೆಯಿಂದ ಉಜ್ಜಿ ತೆಗೆಯಬೇಕೆಂದು ಚೀಟಿ ಹೇಳುತ್ತದೆ. ಈ ಸಲ ಸೂಚನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ, ಪಾಲಿಸಿಲ್ಲ.