ಮೂರನೇ ಕ್ಲಾಸು ಎರಡು ಸಲ ಪಾಸಾದ ಟ್ಯಾಬುಗಳು

"ಬೀಗದ ಕೈ ಕೊಟ್ಟುಬಿಡು. ಇದೇನು ನಿನ್ನ ಮನೆ ಅಡುಗೆ ಕೋಣೆನಾ?"

"ಅಡುಗೆ ಕೋಣೆ ಆಗಿದ್ರೆ ಮಾಡಿಟ್ಟಿದ್ದನ್ನ ಮಕ್ಕಳಿಗೆ ಬಡಿಸ್ತಿದ್ದೆ ಮೇಷ್ಟ್ರೇ."

ಬೆಳಿಗ್ಗೆ ಏಳೂವರೆ. ಪ್ರಾಥಮಿಕ ಶಾಲೆಯ ಆಫೀಸು ಕೋಣೆಯಲ್ಲಿ ಹೆಡ್ಮೇಷ್ಟ್ರು ಕೈಚಾಚಿ ನಿಂತಿದ್ದಾರೆ. ಎದುರಿಗೆ, ಕಬ್ಬಿಣದ ಬೀರುವಿಗೆ ಬೆನ್ನು ಕೊಟ್ಟು ನಿಂತವರು ಶಾಲೆಯ ಕಸ ಗುಡಿಸಿ ಗಂಟೆ ಹೊಡೆಯುವ ಹೆಂಗಸು. ಮಕ್ಕಳ ಬಾಯಲ್ಲಿ ಗಂಟೆಯಮ್ಮ. ಬೀರುವಿನ ಇಪ್ಪತ್ನಾಲ್ಕು ಟ್ಯಾಬುಗಳನ್ನು ನಿನ್ನೆ ಯಾರನ್ನೂ ಕೇಳದೆ ಮಕ್ಕಳ ಕೈಗೆ ಕೊಟ್ಟಿದ್ದಾರೆ. ಒಂದರ ಗಾಜು ಬಿರುಕು ಬಿಟ್ಟಿದೆ.

ಇಲ್ಲಿ ಕರೆಂಟು ಬರುವುದು ಬೆಳಗಿನ ಐದಕ್ಕೆ, ಹೋಗುವುದು ಎಂಟಕ್ಕೆ. ಇರುವ ಪ್ಲಗ್ಗು ನಾಲ್ಕು. ಗಂಟೆಯಮ್ಮ ನಸುಕಿನಲ್ಲೇ ಬಂದು, ಅರ್ಧ ಗಂಟೆಗೆ ನಾಲ್ಕು ಟ್ಯಾಬಿನಂತೆ ಚಾರ್ಜಿಗೆ ಹಾಕಿ ಬದಲಿಸುತ್ತಾರೆ. ಚಾರ್ಜು ಆದದ್ದರ ಬೆನ್ನಿಗೆ ಸೀಮೆಸುಣ್ಣದ ಗೀಟು.

ಟ್ಯಾಬಿನಲ್ಲಿ ಪಾಠ ತೆರೆದರೆ ದೂರದ ಇಲಾಖೆ ಕಚೇರಿಯ ಪರದೆಯಲ್ಲಿ, ಮಕ್ಕಳು ಕಲಿತರೆಂದು ಹಸಿರು ಚುಕ್ಕೆ ಬೀಳುತ್ತದೆ. ಮಕ್ಕಳಿಗೆ ಕೊಟ್ಟರೆ ಒಡೆದಾವು, ಕೊಡದಿದ್ದರೆ ಚುಕ್ಕೆ ಬೀಳದು. ಹೆಡ್ಮೇಷ್ಟ್ರು ಹಾವೂ ಸಾಯದ, ಕೋಲೂ ಮುರಿಯದ ದಾರಿ ಹುಡುಕಿದರು: ಗಂಟೆಯಮ್ಮ, ಮಕ್ಕಳಿಲ್ಲದಾಗಲೇ ದಿನವೂ ಪಾಠ ಹಾಕು, ಮುಗಿದ ಮೇಲೆ ಬೀಗ ಜಡಿ. ಎರಡು ವರ್ಷ ಹೀಗೇ ನಡೆದಿದೆ. ಕಲಿಕೆಯ ಮಟ್ಟ ಏರಿದೆ ಎಂದು ವರದಿ ಬರೆದವರು ಈ ಖಾಲಿ ಕೋಣೆಯನ್ನೊಮ್ಮೆ ಕಣ್ಣುಬಿಟ್ಟು ನೋಡಬೇಕಿತ್ತು.

"ಟ್ಯಾಬುಗಳು ಮೂರನೇ ಕ್ಲಾಸು ಎರಡು ಸಲ ಪಾಸಾಗಿವೆ. ಮಕ್ಕಳು ಮಾತ್ರ ಅಲ್ಲೇ ಕೂತಿದಾವೆ," ಎನ್ನುತ್ತಾರೆ ಗಂಟೆಯಮ್ಮ.

ಶಾಲೆಯ ಮೆಟ್ಟಿಲು ಗುಡಿಸಿದ್ದೇ ಹೊರತು ಓದಲು ಹತ್ತಿದವರಲ್ಲ. ಆದರೂ ಟ್ಯಾಬಿನ ಪಾಠ ಕೇಳಿ ಕೇಳಿ ಅವರಿಗೆ ಕಳೆಯುವ ಲೆಕ್ಕ ಬಂದಿದೆ. ಮೂರನೇ ಕ್ಲಾಸಿನ ಮೊಮ್ಮಗಳಿಗೆ ಬಂದಿಲ್ಲ. ಮೊನ್ನೆ ಆ ಹುಡುಗಿ ಐವತ್ತೆರಡರಲ್ಲಿ ಹದಿನೇಳು ಕಳೆಯಲಾರದೆ ಬೆರಳು ಮಡಿಸುತ್ತ ಕೂತದ್ದನ್ನು ಅಜ್ಜಿ ನೋಡಿದ್ದಾರೆ. ಮರುದಿನವೇ ಬೀರು ತೆರೆದಿದೆ.

"ನನಗಿನ್ನು ಏಳು ತಿಂಗಳು ಸರ್ವೀಸು," ಹೆಡ್ಮೇಷ್ಟ್ರ ದನಿ ತಗ್ಗುತ್ತದೆ. "ಒಡೆದಿದ್ದಕ್ಕೆಲ್ಲ ಉತ್ತರ ಕೊಡೋನು ನಾನು ಕಣಮ್ಮ." ಆ ಭಯವೂ ಸುಳ್ಳಲ್ಲ.

"ನೀವು ಏಳು ತಿಂಗಳಿಗೆ ಮನೆಗೆ ಹೋಗ್ತೀರಿ. ನನ್ನ ಮೊಮ್ಮಗಳು ನಾಲ್ಕನೇ ಕ್ಲಾಸಿಗೆ ಹೋಗ್ಬೇಕು." ಬೀಗದ ಕೈ ಸೆರಗಿನ ಗಂಟಿನಲ್ಲೇ ಉಳಿಯುತ್ತದೆ. "ಎರಡು ವರ್ಷ ಇವುಗಳ ಧೂಳು ಒರೆಸಿದೀನಿ. ಇನ್ಮೇಲೆ ಮಕ್ಕಳ ಬೆರಳಚ್ಚು ಒರೆಸ್ತೀನಿ. ನನಗೆ ಅಷ್ಟು ಸಾಕು."

ನೋಟಿಸು ಬರೆದು ತರುತ್ತೇನೆ, ಇಲ್ಲೇ ನಿಂತಿರು ಎಂದು ಹೆಡ್ಮೇಷ್ಟ್ರು ಹೊರನಡೆಯುತ್ತಾರೆ. ಟ್ಯಾಬಿನ ಆಸೆಗೆ ಬೇಗನೇ ಬಂದು ಬಾಗಿಲಲ್ಲಿ ಕಾದಿದ್ದ ಮಕ್ಕಳು ಅವರಿಗೆ ದಾರಿ ಬಿಟ್ಟು, ಹಿಂದೆಯೇ ಒಳಗೆ ನುಗ್ಗುತ್ತಾರೆ. ಗಂಟೆಯಮ್ಮ ಸೆರಗಿನ ಗಂಟು ಬಿಚ್ಚಿ ಬೀರು ತೆರೆಯುತ್ತಾರೆ. ಎಂಟಕ್ಕೆ ಕರೆಂಟು ಹೋಗುತ್ತದೆ. ಇಪ್ಪತ್ನಾಲ್ಕು ಟ್ಯಾಬುಗಳು, ಬಿರುಕು ಬಿಟ್ಟದ್ದೂ ಸೇರಿ, ಮಕ್ಕಳ ಕೈಯಲ್ಲಿ ಬೆಳಗುತ್ತಲೇ ಇವೆ. ಹತ್ತಕ್ಕೆ ಗಂಟೆಯಮ್ಮ ಗಂಟೆ ಹೊಡೆಯುತ್ತಾರೆ. ನೋಟಿಸು ತರುತ್ತೇನೆಂದ ಹೆಡ್ಮೇಷ್ಟ್ರು ಇನ್ನೂ ಆ ಕೋಣೆಗೆ ಮರಳಿಲ್ಲ.