ಚಾಂಪಿಯನ್ನರ ಹರಿದ ಶೂ

ನೆರೆಮನೆಯ ಒಂಬತ್ತು ವರ್ಷದ ಹುಡುಗಿ ತನ್ನ ಹೊಸ ಹಾಕಿ ಶೂಗಳ ಮೂತಿಯನ್ನು ಕತ್ತರಿಯಿಂದ ಕತ್ತರಿಸುತ್ತಿದ್ದಳು. ಪಕ್ಕದಲ್ಲಿ ತೆರೆದಿದ್ದುದು ಮಕ್ಕಳಿಗಾಗಿ ನಾನು ಬರೆದ ಆಟಗಾರ್ತಿಯೊಬ್ಬಳ ಜೀವನಚರಿತ್ರೆ.

"ಆಂಟಿ, ನಿಮ್ಮ ಎಲ್ಲಾ ಬುಕ್ಸಲ್ಲೂ ಚಾಂಪಿಯನ್ ಶೂಸ್ ಹರಿದಿರತ್ತೆ. ನಂದು ಬಿಲ್ಕುಲ್ ಹೊಸದು. ಅದಕ್ಕೇ ಟೀಮ್‌ಗೆ ಸೆಲೆಕ್ಟ್ ಆಗಿಲ್ಲ, ಹೈ ನಾ?"

ಕೊಡಗಿನವರಾದ ಅವಳಪ್ಪ, ಸೇನೆಯ ಮೇಜರ್, ನನ್ನನ್ನು ಗಡಿಯಾಚೆಯವಳಂತೆ ದುರುಗುಟ್ಟಿ ನೋಡಿದರು. ಹನ್ನೊಂದು ಪುಸ್ತಕ, ಹನ್ನೊಂದು ಜೊತೆ ಹರಿದ ಶೂ. ಎಂಥ ಕಲ್ಪನಾಶಕ್ತಿ ನನ್ನದು! ಆ ಆಟಗಾರರಲ್ಲೊಬ್ಬನ ತಂದೆಗೆ ಕರೋಲ್ ಬಾಗ್‌ನಲ್ಲಿ ಶೂ ಅಂಗಡಿಯೇ ಇತ್ತೆಂದು ನಾನು ಬಾಯಿಬಿಡಲಿಲ್ಲ.

ಮುಂದಿನ ಪುಸ್ತಕದ ಹುಡುಗಿಗೆ ಹೊಸ ಶೂ ತೊಡಿಸಿದೆ. "ಇವಳ ಕಥೆಯಲ್ಲಿ ಕಷ್ಟವೇ ಇಲ್ಲವಲ್ಲ ಮೇಡಂ?" ಎಂದರು ಪ್ರಕಾಶಕರು. ನಮ್ಮ ಕಷ್ಟದ ಕಥೆಗಳು ಮಾಡಿದ ಕೆಲಸ ನೋಡಲಿ ಎಂದು ಆ ಕತ್ತರಿಸಿದ ಶೂಗಳ ಫೋಟೊ ಕಳಿಸಿದೆ. ತಕ್ಷಣ ಉತ್ತರ ಬಂತು: "ವಾಹ್! ಮುಖಪುಟಕ್ಕೆ ಇದೇ ಇರಲಿ."