ತೂಕದಕ್ಕನ ಸೊಸೆ

ತೂಕದಕ್ಕನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣ ಎಂದು ಕೂತರೆ ಮೊದಲು ಸಿಟ್ಟೇ ಬರುತ್ತದೆ. ಆಕೆಯ ಮೇಲೆ ಸ್ವಲ್ಪ, ನನ್ನ ಮೇಲೆ ಜಾಸ್ತಿ, ನಾವಿಬ್ಬರೂ ಕೆಲಸ ಮಾಡುವ ಆಸ್ಪತ್ರೆಯ ಮೇಲೆ ಹೇಳತೀರದಷ್ಟು. ಇಳಿದ ಮೇಲೆ ಬರೆದರಾಯಿತು ಎಂದು ಒಂದು ವರ್ಷ ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ.

ನಮ್ಮದು ದೊಡ್ಡ ಆಸ್ಪತ್ರೆಯಲ್ಲ. ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು, ಚೀಟಿ ಬರೆಯುವ ನಾನು, ಮತ್ತೆ ಪ್ರತಿ ಬುಧವಾರ ಕೂಸುಗಳನ್ನು ತೂಗುವ ಅಕ್ಕ. ಇಪ್ಪತ್ತೆರಡು ವರ್ಷದಿಂದ ತೂಗುತ್ತಿದ್ದಾರೆ. ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ದಾರಿಯಲ್ಲಿ ಹೋಗುತ್ತಿದ್ದರೆ ಮೀಸೆ ಬಂದ ಹುಡುಗರನ್ನೂ ನಿಲ್ಲಿಸಿ, "ನೀನು ಹುಟ್ಟಿದಾಗ ಎರಡು ಇನ್ನೂರು ಇದ್ದೆ ಕಣೋ, ಇಲಿಮರಿ" ಎನ್ನುತ್ತಾರೆ.

ಕೂಸುಗಳನ್ನು ಮಲಗಿಸಿ ತೂಗುವ ಯಂತ್ರ ಕೆಟ್ಟು ಮೂರು ವರ್ಷವಾಯಿತು. ರಿಪೇರಿ ಮಾಡಿಸಿ ಎಂದು ಬರೆದ ಅರ್ಜಿಗಳನ್ನು ಒಟ್ಟುಗೂಡಿಸಿದರೆ ಅವೇ ಒಂದು ಕೂಸಿನ ತೂಕ ಆದಾವು. ಹೀಗಾಗಿ ದೊಡ್ಡವರು ನಿಲ್ಲುವ ಯಂತ್ರದಲ್ಲೇ ಕೆಲಸ ಸಾಗುತ್ತದೆ. ತಾಯಿ ಮಗುವನ್ನೆತ್ತಿಕೊಂಡು ಅದರ ಮೇಲೆ ಹತ್ತುತ್ತಾಳೆ. ಅಕ್ಕ ಒಂದು ಅಂಕಿ ಕೂಗುತ್ತಾರೆ. ಮಗುವನ್ನು ಅಕ್ಕನಿಗೆ ಕೊಟ್ಟು ಒಬ್ಬಳೇ ನಿಲ್ಲುತ್ತಾಳೆ. ಅಕ್ಕ ಇನ್ನೊಂದು ಅಂಕಿ ಕೂಗುತ್ತಾರೆ. ನಾನು ಎರಡನ್ನೂ ಚೀಟಿಯಲ್ಲಿ ಬರೆದು ಕಳೆಯುತ್ತೇನೆ. ಉಳಿದದ್ದು ಮಗುವಿನ ತೂಕ, ಅದು ಕಾರ್ಡಿಗೆ. ಚೀಟಿ ಕಸದ ಬುಟ್ಟಿಗೆ. ಮಗುವಿಗೆ ಮೊದಲ ಹಲ್ಲು ಬಂದ ತಾರೀಕಿಗೂ ಆ ಕಾರ್ಡಿನಲ್ಲಿ ಒಂದು ಕಾಲಂ ಇದೆ, ಹೆತ್ತವಳಿಗೆ ಒಂದು ಗೆರೆಯಷ್ಟೂ ಜಾಗವಿಲ್ಲ. ವಾರಕ್ಕೆ ನಲವತ್ತು ಹೆಂಗಸರು ನಮ್ಮ ಕಣ್ಣೆದುರೇ ಯಂತ್ರ ಹತ್ತಿ ಇಳಿಯುತ್ತಿದ್ದರು. ಅವರ ತೂಕವನ್ನು ಬರೆದವಳು ನಾನೇ, ಎಸೆದವಳೂ ನಾನೇ.

ಅಕ್ಕನಿಗೆ ಒಬ್ಬನೇ ಮಗ. ವ್ಯಾನ್ ಓಡಿಸುತ್ತಾನೆ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಸೊಸೆ ಅವನಿಗೆ ತದ್ವಿರುದ್ಧ, ಅರಳು ಹುರಿದ ಹಾಗೆ ಮಾತು. ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಒಮ್ಮೆ ನನ್ನ ಕನ್ನಡಕ ಜಾರುತ್ತದೆ ಎಂದು ಕೊಟ್ಟಾಗ ಅದರ ಕಡ್ಡಿ ಬಗ್ಗಿಸುತ್ತಾ, "ಆಂಟಿ, ನಿಮ್ಮ ಮೂಗಿನ ಮೇಲೆ ಯಾವಾಗ್ಲೂ ಕೋಪ ಕೂತಿರುತ್ತೆ, ಪಾಪ ಕನ್ನಡಕ ಎಲ್ಲಿ ಕೂರಬೇಕು" ಎಂದಿದ್ದಳು. ಅಂಗಡಿಯ ಗಿರಾಕಿಗಳೆಲ್ಲ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಹೆರಿಗೆಯಾದ ಮೊದಲ ತಿಂಗಳು ಅವಳೂ ಎಲ್ಲರಂತೆ ಸಾಲಿನಲ್ಲಿ ನಿಂತು ಮಗುವನ್ನು ತೂಗಿಸಲು ಬಂದಳು. ಅವಳದು ಐವತ್ತಾರು ಕಿಲೋ. ಎರಡನೇ ತಿಂಗಳು ಐವತ್ತೆರಡು. ಮೂರನೇ ತಿಂಗಳು ನಲವತ್ತೆಂಟಕ್ಕಿಳಿದಾಗ ನನಗೇ ಗಾಬರಿಯಾಯಿತು. ಅಕ್ಕನಿಗೆ ಹೇಳಿದೆ. ಹಾಲು ಕುಡಿಸುವವಳು ಇಳಿಯದೆ ಉಬ್ಬುತ್ತಾಳಾ ಎಂದು ಅವರು ಮಾತು ಹಾರಿಸಿಬಿಟ್ಟರು. ಮಗುವಿನ ಕಾರ್ಡಿನಲ್ಲಿ ಗೆರೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಆ ಗೆರೆಯನ್ನು ಅಕ್ಕ ನರ್ಸುಗಳಿಗೆಲ್ಲ ತೋರಿಸಿಕೊಂಡು ಬಂದರು. ನಾನಾದರೂ ಏನು ಕಡಿದು ಕಟ್ಟೆ ಹಾಕಿದೆ? ತಲೆ ತಗ್ಗಿಸಿ ನಿಂತ ಹುಡುಗಿಗೆ, ಇಷ್ಟು ಮುದ್ದಾದ ಮಗು ಇಟ್ಟುಕೊಂಡು ಮುಖ ಯಾಕಮ್ಮಾ ಹೀಗೆ, ಸ್ವಲ್ಪ ನಗು ಎಂದೆ. ಅವಳು ನಕ್ಕಳು. ಹೇಳಿದ್ದಕ್ಕೆ ನಕ್ಕ ನಗು ಹೇಗಿರುತ್ತದೆ ಎಂದು ನನಗೆ ಗೊತ್ತಾಗಬೇಕಿತ್ತು.

ಮನೆಯ ಸುದ್ದಿಯನ್ನು ಅಕ್ಕ ನಮಗೆ ಟೀ ಹೊತ್ತಿನಲ್ಲಿ ತಮಾಷೆಯಾಗಿ ಹೇಳುತ್ತಿದ್ದರು. ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಾಳಂತೆ. ಮಗು ಮಲಗಿದರೂ ಇವಳಿಗೆ ನಿದ್ದೆಯಿಲ್ಲವಂತೆ. ತಲೆ ಬಾಚಿ ಎಷ್ಟು ದಿನವಾಯಿತೋ. ಮಗು ಅತ್ತರೆ ಎತ್ತಿಕೊಳ್ಳುವ ಬದಲು ಬಾಗಿಲ ಬಳಿ ನಿಂತು ನೋಡುತ್ತಾಳಂತೆ, ಪಕ್ಕದ ಮನೆಯ ಮಗು ಅಳುತ್ತಿದೆಯೇನೋ ಎಂಬಂತೆ. ಒಂದು ದಿನ ಬಾಯಿಬಿಟ್ಟೇ ಹೇಳಿದಳಂತೆ: ಅತ್ತೆ, ನನ್ನ ಕೈಲಿ ಆಗ್ತಿಲ್ಲ.

"ನಾನೇನಂದೆ ಗೊತ್ತಾ?" ಎಂದು ಅಕ್ಕ ನಮ್ಮೆಲ್ಲರ ಮುಖ ನೋಡಿದರು. "ಒಂದು ಕೂಸಿಗೇ ಹಿಂಗಂದ್ರೆ ಹೆಂಗಮ್ಮಾ, ನಿಮ್ಮತ್ತೆ ವಾರಕ್ಕೆ ನಲವತ್ತು ಕೂಸು ಎತ್ತಿ ಇಳಿಸ್ತಾಳೆ ಅಂದೆ."

ನಾವೆಲ್ಲ ಗೊಳ್ಳೆಂದು ನಕ್ಕೆವು. ಈಗ ನೆನೆದರೆ ಮೈ ಉರಿಯುತ್ತದೆ. ಆ ಕೋಣೆಯಲ್ಲಿ ಇಬ್ಬರು ನರ್ಸುಗಳಿದ್ದರು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ, ಇಲ್ಲಿ ದೀಪವಾದರೂ ಎಲ್ಲಿ ಉರಿಯುತ್ತಿತ್ತೋ ನನಗೆ ತಿಳಿಯದು.

ನಾಲ್ಕನೇ ತಿಂಗಳ ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಸೊಸೆ ಮಗುವಿನೊಂದಿಗೆ ನಿಂತಾಗ ಐವತ್ತು ಇನ್ನೂರು. ಒಬ್ಬಳೇ ನಿಂತಾಗ ನಲವತ್ಮೂರು ನಾನೂರು. ಆರು ಎಂಟುನೂರು ಎಂದು ನಾನು ಹೇಳುತ್ತಿದ್ದಂತೆ ಅಕ್ಕ ಮಗುವನ್ನು ಮೇಲಕ್ಕೆತ್ತಿ, ನಮ್ಮನೆ ಪೈಲ್ವಾನ ಎಂದು ಕುಣಿಸಿದರು. ಸೊಸೆ ಕೆಳಗಿಳಿದು ಚಪ್ಪಲಿ ಹಾಕಿಕೊಂಡಳು.

"ತೂಕ ಸರಿಯಿದೆಯಲ್ಲಾ ಅತ್ತೆ? ಹಾಗಾದ್ರೆ ನಾನು ಹೊರಡ್ಲಾ?"

ಅಂಗಡಿಗೋ ಎಲ್ಲಿಗೋ ಹೋಗಿ ಬರುತ್ತಾಳೆ ಎಂದುಕೊಂಡು ಅಕ್ಕ ಹೂಂ ಎಂದರು, ಮುಂದಿನವಳನ್ನು ಕರೆದರು. ಇನ್ನೂ ಮೂರು ಕೂಸುಗಳ ತೂಕವಾಯಿತು. ಬೆಂಚಿನ ಮೇಲೆ ಮಗುವಿನ ಚೀಲ ಹಾಗೇ ಇತ್ತು. ಯಾರೋ ಕೂರಲು ಜಾಗ ಕೇಳಿದರೆಂದು ನಾನು ಅದನ್ನು ಎತ್ತಿದೆ. ಒಳಗೆ ಇಸ್ತ್ರಿ ಮಾಡಿ ಜೋಡಿಸಿದ ಚಡ್ಡಿಗಳು, ಮಗು ಯಾವ ಹೊತ್ತಿಗೆ ಕುಡಿಯುತ್ತದೆ, ಯಾವ ಮಗ್ಗುಲಲ್ಲಿ ಮಲಗುತ್ತದೆ ಎಂದು ಬರೆದ ಒಂದು ಹಾಳೆ. ಹಾಳೆಯ ಮೇಲೆ ಅವಳ ಮನೆ ಬೀಗದ ಕೈ, ಮೊಬೈಲು.

ಅಕ್ಕನಿಗೆ ತೋರಿಸಿದೆ. ಅವರು ಮಗುವನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಓಡಿದರು. ಹಿಂದೆ ನಾನು. ಅವಳು ಸಿಕ್ಕಿದ್ದು ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ, ಹತ್ತಲೆಂದು ಬಸ್ಸಿನ ಕಂಬಿ ಹಿಡಿದಿದ್ದಳು. ಅಕ್ಕ ಅವಳ ಇನ್ನೊಂದು ಕೈ ಹಿಡಿದರು. ಕಂಡಕ್ಟರು ಹತ್ತುತ್ತೀರೋ ಇಲ್ಲವೋ ಎಂದು ರೇಗಿದ.

"ಮಗೂಗೆ ಬಿಸಿಲು ತಾಗುತ್ತೆ ಅತ್ತೆ," ಎಂದಳು ಸೊಸೆ. "ಒಳಗೆ ಕರ್ಕೊಂಡು ಹೋಗಿ."

ಬಸ್ಸು ಹೊರಟುಹೋಯಿತು. ಅವಳನ್ನು ನಡುವೆ ಮಾಡಿಕೊಂಡು ನಾವು ವಾಪಸು ಬಂದೆವು. ಡಾಕ್ಟರ ಮುಂದೆ ಕೂರಿಸಿದರೆ ಅವರು ಮಾಡಿದ್ದೇನು? ಕಾರ್ಡು ಕೇಳಿದರು. ಮಗು ಬಹಳ ಚೆನ್ನಾಗಿದೆಯಲ್ಲ ಎಂದರು. ಬಾಣಂತಿಯರಿಗೆ ಇದೆಲ್ಲ ಇದ್ದದ್ದೇ ಎಂದು ಟಾನಿಕ್ ಬರೆಯತೊಡಗಿದರು. ಇಪ್ಪತ್ತೆರಡು ವರ್ಷದಲ್ಲಿ ಆ ಕುರ್ಚಿಗೆ ಎದುರಾಡದ ಅಕ್ಕ ಹೊರಗೆ ಹೋಗಿ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು, ಆ ಬೆಳಗಿನ ಚೀಟಿ ಹುಡುಕಿ ತಂದು ಟಾನಿಕ್ಕಿನ ಹಾಳೆಯ ಮೇಲಿಟ್ಟರು.

"ಮಗೂನ ನೋಡಿದ್ದು ಸಾಕು ಸಾರ್. ನಾಲ್ಕು ತಿಂಗಳಲ್ಲಿ ಹನ್ನೆರಡೂವರೆ ಕಿಲೋ ಹೋಗಿದೆ. ಇವಳನ್ನ ನೋಡಿ."

ದೊಡ್ಡಾಸ್ಪತ್ರೆಗೆ ಚೀಟಿ ಸಿಕ್ಕಿತು. ಅಲ್ಲಿನ ಕಥೆ ಇನ್ನೊಂದು. ಕೌಂಟರಿನವನು ರೋಗಿಯ ಹೆಸರು ಎಂಬಲ್ಲಿ ಮಗುವಿನ ಹೆಸರು ಬರೆದು ನಮ್ಮನ್ನು ಮಕ್ಕಳ ವಿಭಾಗಕ್ಕೆ ಕಳಿಸಿದ. ಅಲ್ಲಿಂದ ಹೆರಿಗೆ ವಿಭಾಗ, ಅಲ್ಲಿಂದ ಮತ್ತೆ ಕೌಂಟರು. ಮನೋರೋಗದ ಡಾಕ್ಟರು ಸಿಗಲು ಮೂರು ವಾರ ಬೇಕು ಎಂದರು. ಅಕ್ಕ ಅವರ ಬಾಗಿಲ ಮುಂದೆ ನೆಲದ ಮೇಲೆ ಕೂತುಬಿಟ್ಟರು, ಪಕ್ಕದಲ್ಲಿ ನಾನು, ಆಮೇಲೆ ವ್ಯಾನ್ ನಿಲ್ಲಿಸಿ ಓಡಿಬಂದ ಮಗ. ಏಳಿ ಎಂದವರಿಗೆಲ್ಲ ನಾನು ನನ್ನ ಮೂಗಿನ ಮೇಲಿದ್ದದ್ದನ್ನು ಧಾರಾಳವಾಗಿ ಹಂಚಿದೆ. ನಾಲ್ಕು ಗಂಟೆಗೆ ಒಳಗೆ ಕರೆದರು.

ಆ ಡಾಕ್ಟರಮ್ಮ ಮಗುವಿನ ಕಾರ್ಡು ಕೇಳಲಿಲ್ಲ. ಸೊಸೆಯ ಜೊತೆ ಒಂದು ಗಂಟೆ ಮಾತಾಡಿದರು. ಆಮೇಲೆ ನಮ್ಮನ್ನು ಕರೆದು, ಇದು ಹೆರಿಗೆಯ ನಂತರ ಬರುವ ಖಿನ್ನತೆ, ಎಷ್ಟೋ ತಾಯಂದಿರಿಗೆ ಬರುತ್ತದೆ ಎಂದರು. ಔಷಧಿಯಿದೆ, ವಾಸಿಯಾಗುತ್ತದೆ, ಆದರೆ ಒಬ್ಬಳನ್ನೇ ಬಿಡಬಾರದು, ನಿದ್ದೆ ಮಾಡಿಸಬೇಕು, ಬುದ್ಧಿ ಹೇಳಬಾರದು.

"ಇವಳದು ಬರೀ ನಾಜೂಕು ಅಂದ್ಕೊಂಡಿದ್ದೆ," ಎಂದರು ಅಕ್ಕ.

"ಎಲ್ಲರೂ ಹಾಗೇ ಅಂದ್ಕೋತಾರೆ," ಎಂದರು ಡಾಕ್ಟರಮ್ಮ. ಬೈದಿದ್ದರೆ ವಾಸಿಯಿತ್ತು.

ಔಷಧಿ ಕುಡಿದ ಮರುದಿನ ಸೊಸೆ ಎದ್ದು ನಗುತ್ತಾ ಓಡಾಡಿದಳು ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಒಂದು ವಾರ ಪರವಾಗಿಲ್ಲ ಎನಿಸಿದರೆ ಮತ್ತೊಂದು ವಾರ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಅಕ್ಕ ಎರಡು ತಿಂಗಳು ರಜೆ ಹಾಕಿದರು. ಮಗ ಚಡ್ಡಿ ಒಗೆಯಲು ಕಲಿತ, ಮಾತೂ ಸ್ವಲ್ಪ ಕಲಿತ. ನೋಡಲು ಬಂದ ನೆಂಟರು ಹೆತ್ತ ಮಗು ಬೇಡವಾಗುವುದು ಎಂದರೇನು, ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಎಂದು ಗಾಯದ ಮೇಲೆ ಬರೆ ಎಳೆದು ಹೋಗುತ್ತಿದ್ದರು. ಒಬ್ಬ ಅತ್ತಿಗೆಯನ್ನಂತೂ ಅಕ್ಕ ಅರ್ಧ ಕುಡಿದ ಟೀ ಲೋಟದ ಸಮೇತ ಬಾಗಿಲಿಗೆ ಕಳಿಸಿದರು. ಏಳು ತಿಂಗಳ ನಂತರ ಸೊಸೆ ಅರ್ಧ ದಿನ ಕನ್ನಡಕದ ಅಂಗಡಿಗೆ ಹೋಗತೊಡಗಿದಳು.

ಅಕ್ಕ ರಜೆ ಮುಗಿಸಿ ಬಂದವರು ತೂಗುವ ರೀತಿಯನ್ನೇ ಬದಲಾಯಿಸಿದರು. ತಾಯಿ ಒಬ್ಬಳೇ ನಿಂತು ಇಳಿದ ಮೇಲೆ ಪಕ್ಕಕ್ಕೆ ಕರೆದು ಕೇಳುತ್ತಾರೆ: ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತಾ, ಸುಮ್ಮಸುಮ್ಮನೆ ಅಳು ಬರುತ್ತಾ, ಎಲ್ಲಾ ಬಿಟ್ಟು ಹೋಗಿಬಿಡೋಣ ಅನ್ನಿಸುತ್ತಾ. ಅವಳ ತೂಕವನ್ನು ಕಾರ್ಡಿನ ಅಂಚಿನಲ್ಲಿ ಬರೆಯುತ್ತಾರೆ. ಸಾಲು ಉದ್ದವಾಗುತ್ತದೆ, ಹಿಂದಿನವರು ಗೊಣಗುತ್ತಾರೆ. ಹತ್ತು ತಿಂಗಳಲ್ಲಿ ಏಳು ಹೆಂಗಸರನ್ನು ಆ ಡಾಕ್ಟರಮ್ಮನ ಬಳಿಗೆ ಕಳಿಸಿದ್ದಾರೆ. ಇಬ್ಬರನ್ನು ಮನೆಯವರು ಅರ್ಧ ದಾರಿಯಿಂದಲೇ ವಾಪಸು ಕರೆದೊಯ್ದರು.

ಇದಕ್ಕೆ ಸಿಕ್ಕ ಬಹುಮಾನ ಒಂದು ಮೆಮೊ. ಕಾರ್ಡು ಮಗುವಿನದು, ಅದರಲ್ಲಿ ತಾಯಿಯ ವಿವರ ಬರೆದು ದಾಖಲೆ ಕೆಡಿಸಿದ್ದೇಕೆ, ಮೂರು ದಿನದಲ್ಲಿ ಲಿಖಿತವಾಗಿ ಉತ್ತರಿಸತಕ್ಕದ್ದು, ತಪ್ಪಿದಲ್ಲಿ ಈ ಕೆಲಸದಿಂದ ತೆಗೆಯಲಾಗುವುದು. ಮೂರು ವರ್ಷದಲ್ಲಿ ಒಂದು ಯಂತ್ರ ರಿಪೇರಿ ಮಾಡಿಸಲಾಗದವರಿಗೆ ಮೂರೇ ದಿನದಲ್ಲಿ ಉತ್ತರ ಬೇಕಂತೆ.

ಉತ್ತರ ಬರೆಯಲು ನಾನು ಅಕ್ಕನ ಮನೆಗೆ ಹೋದೆ. ಬರೆದದ್ದೆಲ್ಲ ಬೈಗುಳವಾಗುತ್ತಿತ್ತು, ಎರಡು ಹಾಳೆ ಹರಿದೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನೋಡುತ್ತಿದ್ದ ಸೊಸೆ, ಕೊಡಿ ಆಂಟಿ ಎಂದು ಪೆನ್ನು ಇಸಿದುಕೊಂಡು, ಮಗುವನ್ನು ನನ್ನ ತೊಡೆಗಿಳಿಸಿ ತಾನೇ ಬರೆದಳು. ನಾಲ್ಕೇ ಸಾಲು. ಅಕ್ಕನ ಮುಂದಿಟ್ಟಳು. ಅವತ್ತು ಎಲ್ಲಿಗೆ ಹೊರಟಿದ್ದೆ, ಯಾಕೆ ಆಸ್ಪತ್ರೆಯಿಂದಲೇ ಹೊರಟೆ ಎಂದು ಅಕ್ಕ ಒಂದು ವರ್ಷದಲ್ಲಿ ಒಮ್ಮೆಯೂ ಅವಳನ್ನು ಕೇಳಿರಲಿಲ್ಲ. ಕೇಳಲು ಹೆದರಿಕೆ.

"ಸಾಯಬೇಕು ಎಂದು ಹದಿನೈದು ದಿನದಿಂದ ಅಂದುಕೊಂಡಿದ್ದೆ. ಮನೆಯಲ್ಲಿ ಮಗುವನ್ನು ಒಂಟಿಯಾಗಿ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ತೂಗುವಾಗ ಮಗುವನ್ನು ಅತ್ತೆಯ ಕೈಗೆ ಕೊಡಲೇಬೇಕು, ಕೊಟ್ಟ ಮೇಲೆ ನನ್ನನ್ನು ಯಾರೂ ನೋಡುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೇ ಬುಧವಾರದವರೆಗೆ ಕಾದೆ."

ಅಕ್ಕ ಓದಿದರು, ಮತ್ತೆ ಓದಿದರು. ಇದೇ ನನ್ನ ಉತ್ತರ ಎಂದು ಪೆನ್ನು ತೆಗೆದುಕೊಂಡರು, ಆದರೆ ಸಹಿ ಎಲ್ಲಿ ಹಾಕಬೇಕೆಂದು ಅವರಿಗೆ ಕಾಣಲಿಲ್ಲ. ನಾನು ಬೆರಳಿಟ್ಟು ತೋರಿಸಿದೆ.